ಸೊಂಟದ ಬೇನೆಗೆ ನಾಲ್ಕು ಗುಳ್ಳೆ ನೀರು: ನನ್ನ ಅನುಭವ

ಹೆರಿಗೆಯ ಹೊತ್ತಿನಲ್ಲಿ ಮಗುವಿನ ಹಿಂದಲೆ ತಾಯಿಯ ಬೆನ್ನಿನ ಕಡೆಗಿದ್ದರೆ ಬೇನೆಯೆಲ್ಲ ಸೊಂಟಕ್ಕೆ ಕೂರುವುದೇ ಹೆಚ್ಚು. ಒಂದು ಕಂಟ್ರಾಕ್ಷನ್ (ಗರ್ಭಕೋಶದ ಬಿಗಿತ) ಇಳಿದರೂ ಸೊಂಟ ಬಿಡುವುದಿಲ್ಲ. ಲೇಬರ್ ರೂಮಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಥವರಿಗೆ ಚರ್ಮದ ಪದರದೊಳಗೆ ಸ್ಟೆರೈಲ್ ವಾಟರ್ (ಇಂಜೆಕ್ಷನ್‌ಗೆಂದೇ ಬರುವ ಕ್ರಿಮಿರಹಿತ ನೀರು) ಕೊಡೋಣ ಎಂದರೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಬರೀ ನೀರಿಗೆ ನೋವು ಹೋಗುತ್ತಾ?" ಹೋಗುತ್ತದೆ. ಹಾಗೆ ಕೇಳಿದವರೇ ಈಗ ಟ್ರೇ ಸಿದ್ಧಮಾಡಿಟ್ಟು ನನ್ನನ್ನು ಕರೆಯುತ್ತಾರೆ.

ಜಾಗ ಗುರುತಿಸುವುದೇ ಅರ್ಧ ಕೆಲಸ. ಗರ್ಭಿಣಿಯನ್ನು ಮುಂದಕ್ಕೆ ಬಾಗಿಸಿ ಕೂರಿಸಿದರೆ ಸೊಂಟದ ಕೆಳಗೆ ಎರಡು ಗುಳಿ ಕಾಣುತ್ತವೆ. ದಪ್ಪ ಮೈಯವರಲ್ಲಿ ಹೆಬ್ಬೆರಳಿನಿಂದ ಮೂಳೆ ತಡವಿ ಹುಡುಕಬೇಕು. ಅಲ್ಲಿ ಎರಡು ಚುಕ್ಕೆ. ಅವುಗಳಿಂದ ಸುಮಾರು 3 ಸೆಂ.ಮೀ. ಕೆಳಗೆ, ಬೆನ್ನುಮೂಳೆಯ ಕಡೆಗೆ 1 ಸೆಂ.ಮೀ. ಸರಿದು ಇನ್ನೆರಡು. ಬೇನೆ ಇಲ್ಲದ ಹೊತ್ತಿನಲ್ಲೇ ಪೆನ್ನಿನಿಂದ ಗುರುತು ಹಾಕಿಡಿ. ಒರೆಸಿದ ಸ್ಪಿರಿಟ್ ಪೂರ್ತಿ ಆರಲಿ.

1 ಮಿ.ಲೀ. ಸಿರಿಂಜು, ಸಣ್ಣ ಸೂಜಿ, ಒಂದೊಂದು ಚುಕ್ಕೆಗೆ 0.1 ಮಿ.ಲೀ. ಸೂಜಿಯ ಬಾಯಿ ಮೇಲಕ್ಕಿರಲಿ, ಚರ್ಮಕ್ಕೆ ಹೆಚ್ಚುಕಡಿಮೆ ಒರಗಿಸಿಯೇ ಚುಚ್ಚಿ. ಬೆಳ್ಳಗೆ ಗುಳ್ಳೆ ಏಳಬೇಕು, ಕಿತ್ತಳೆ ಸಿಪ್ಪೆಯ ಮೇಲಿನ ರಂಧ್ರಗಳಂತೆ ಚರ್ಮದ ರಂಧ್ರಗಳು ಎದ್ದು ಕಾಣಬೇಕು. ಕಂಟ್ರಾಕ್ಷನ್ ಏರುವಾಗಲೇ ಇಬ್ಬರು ಎರಡೂ ಬದಿಯಿಂದ ಒಟ್ಟಿಗೆ ಕೊಟ್ಟರೆ ಉರಿ ಒಂದೇ ಸಲಕ್ಕೆ ಮುಗಿಯುತ್ತದೆ. ಆ ಉರಿ ಕಣಜ ಕಚ್ಚಿದಂತೆ, ಅರ್ಧ ನಿಮಿಷದ ಆಸುಪಾಸು. ಇದನ್ನು ಮೊದಲೇ ಆಕೆಗೆ ಹೇಳಿ ಒಪ್ಪಿಗೆ ತೆಗೆದುಕೊಳ್ಳಲೇಬೇಕು. ಹೇಳದೆ ಚುಚ್ಚಿದರೆ ಎರಡನೇ ಗುಳ್ಳೆಗೇ ಕೈ ತಳ್ಳುತ್ತಾರೆ, ತಳ್ಳುವುದು ನ್ಯಾಯವೇ. ಉರಿಯುವಾಗ ಆಕೆಯನ್ನು ಅಲುಗಾಡದಂತೆ ಕೂರಿಸಲು ನನ್ನದೊಂದು ಉಪಾಯವಿದೆ. ಅದನ್ನು ಕೈಹಿಡಿದು ಕಲಿಸಬೇಕು, ಬರೆದರೆ ಬರುವುದಿಲ್ಲ.

ನಾಲ್ಕೈದು ನಿಮಿಷದಲ್ಲಿ ಸೊಂಟ ಸಡಿಲಾಗುತ್ತದೆ. ಒಂದೂವರೆ, ಎರಡು ಗಂಟೆಯವರೆಗೆ ಹಿಡಿಯುತ್ತದೆ. ಮತ್ತೆ ಬೇಕಾದರೆ ಮತ್ತೆ ಕೊಡಬಹುದು. ನೆನಪಿನ ಲೆಕ್ಕದಲ್ಲಿ ಹತ್ತರಲ್ಲಿ ಆರೇಳು ಮಂದಿಗೆ ಚೆನ್ನಾಗಿ ಇಳಿದಿದೆ. ಹೊಟ್ಟೆಯ ಬೇನೆ ಹಾಗೇ ಇರುತ್ತದೆ, ಅದನ್ನೂ ಮೊದಲೇ ತಿಳಿಸಿ.

ಕೆಲಸ ಕೊಡದಿದ್ದರೆ ಕಾರಣ ಹೆಚ್ಚಾಗಿ ಕೈಯಲ್ಲೇ ಇರುತ್ತದೆ. ಸೂಜಿ ಆಳಕ್ಕೆ ಹೋಯಿತೆಂದರೆ ಗುಳ್ಳೆ ಏಳದು, ಅಷ್ಟು ಸಣ್ಣ ಪ್ರಮಾಣ ಕೊಬ್ಬಿನಲ್ಲಿ ಕಳೆದುಹೋಗುತ್ತದೆ. ಉರಿ ಕಡಿಮೆಯಾಗಲಿ ಎಂದು ಸಲೈನ್ (ಉಪ್ಪುನೀರು) ಹಾಕಿದರೆ ಉರಿಯೂ ಇಲ್ಲ, ಗುಣವೂ ಇಲ್ಲ. ಉಪ್ಪಿಲ್ಲದ ನೀರಿನ ಆ ಚುರುಕೇ ಇಲ್ಲಿ ಮದ್ದು. ಗುಳ್ಳೆಯ ಮೇಲೆ ಉಜ್ಜಬೇಡಿ. ಚರ್ಮದಲ್ಲಿ ಸೋಂಕಿದ್ದರೆ ಅಲ್ಲಿ ಚುಚ್ಚಲೇಬೇಡಿ. ಆಂಪೂಲ್‌ಗಳೆಲ್ಲ (ಮದ್ದಿನ ಪುಟ್ಟ ಸೀಸೆಗಳು) ನೋಡಲು ಒಂದೇ ಥರ, ಪಕ್ಕದಲ್ಲೇ ಅಪಾಯಕಾರಿ ಪೊಟ್ಯಾಸಿಯಂ ಕ್ಲೋರೈಡ್ ಕೂಡ ಇದ್ದೀತು. ಒಡೆಯುವ ಮುನ್ನ ಲೇಬಲ್ ಗಟ್ಟಿಯಾಗಿ ಓದಿ, ಜೊತೆಗಿರುವವರೂ ಕೇಳಿಸಿಕೊಳ್ಳಲಿ.

ಖರ್ಚಿನ ಮಾತಿಗೆ ಬಂದರೆ, ಟ್ರೇಯಲ್ಲಿ ಅತಿ ಅಗ್ಗದ ಸಾಮಾನು ಈ ನೀರೇ. ಎಪಿಡ್ಯೂರಲ್ (ಬೆನ್ನಿಗೆ ಕೊಡುವ ಅರಿವಳಿಕೆ) ನೋವು ಇಳಿಸುವುದರಲ್ಲಿ ಎಲ್ಲಕ್ಕಿಂತ ಮೇಲು, ಅದರ ಬಗ್ಗೆ ತಕರಾರಿಲ್ಲ. ಆದರೆ ಅದಕ್ಕೆ ಅರಿವಳಿಕೆ ವೈದ್ಯರು ಹಗಲೂ ರಾತ್ರಿ ಬೇಕು, ಕ್ಯಾಥೆಟರ್ (ಸಣ್ಣ ನಳಿಕೆ) ಬೇಕು, ಬಿಪಿ ಮೇಲೆ ಕಣ್ಣಿರಬೇಕು. ಅಷ್ಟು ದುಡ್ಡು ಎಲ್ಲರ ಹತ್ತಿರ ಇರುವುದಿಲ್ಲ. ಪೆಥಿಡಿನ್ ಎಂಬ ನೋವಿನ ಚುಚ್ಚುಮದ್ದು ಅಗ್ಗವಾದರೂ ಕೊಟ್ಟ ಎರಡು-ಮೂರು ಗಂಟೆಯ ಆಸುಪಾಸಿನಲ್ಲಿ ಹೆರಿಗೆಯಾದರೆ ಮಗು ಉಸಿರಾಡಲು ಮಂಕಾಗಬಹುದು. ನೀರಿಗೆ ಆ ಭಯವಿಲ್ಲ, ತಾಯಿ ಎದ್ದು ಓಡಾಡಬಹುದು, ಆಮೇಲೆ ಎಪಿಡ್ಯೂರಲ್ ಬೇಕೆಂದರೂ ಅಡ್ಡಿಯಿಲ್ಲ.

ನಡುನಡುವೆ ಬೇರೆಯವನ್ನೂ ನೋಡಿದ್ದೇನೆ. ಟೆನ್ಸ್ ಯಂತ್ರ (ಬೆನ್ನಿಗೆ ಪ್ಯಾಡ್ ಅಂಟಿಸಿ ಸಣ್ಣ ವಿದ್ಯುತ್ ಹರಿಸುವಂಥದ್ದು) ಬೇನೆ ಶುರುವಾದ ಹೊತ್ತಿನಲ್ಲೇ ಹಚ್ಚಿದರೆ ಕೆಲವರಿಗೆ ಹಿತ. ಬೇನೆ ಜೋರಾದ ಮೇಲೆ ಹಚ್ಚಿದರೆ ಕಿತ್ತೆಸೆಯುತ್ತಾರೆ. ಅಂಟು ಹೋದ ಪ್ಯಾಡ್ ಬದಲಾಯಿಸುವುದೇ ಇನ್ನೊಂದು ಖರ್ಚು. ಅಂಗೈ ಬುಡದಿಂದ ಸೇಕ್ರಮ್ (ಬೆನ್ನುಮೂಳೆಯ ಬುಡದ ಅಗಲ ಮೂಳೆ) ಮೇಲೆ ಗಟ್ಟಿಯಾಗಿ ಒತ್ತುವುದು ಬಿಟ್ಟಿ ಉಪಾಯ, ಕಂಟ್ರಾಕ್ಷನ್ ಇರುವಷ್ಟು ಹೊತ್ತು ಒತ್ತಡ ಸಡಿಲಬಾರದು. ಗಂಡನಿಗೋ ಅಮ್ಮನಿಗೋ ಕಲಿಸಿಬಿಟ್ಟರೆ ನಮ್ಮ ಕೈಗೆ ಬಿಡುವು. ಮಂಡಿಯೂರಿ ಕೈಗಳ ಮೇಲೆ ಬಾಗಿಸಿದರೂ ಸೊಂಟದ ಭಾರ ಇಳಿಯುತ್ತದೆ. ತಲೆ ಕಾಣುವಾಗ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪೆರಿನಿಯಮ್‌ಗೆ (ಯೋನಿ, ಗುದದ್ವಾರಗಳ ನಡುವಿನ ಜಾಗ) ಹಿಡಿಯಿರಿ, ಉರಿಯೂ ಕಡಿಮೆ, ದೊಡ್ಡ ಸೀಳುವಿಕೆಯೂ ಕಡಿಮೆ. ಬಟ್ಟೆಯನ್ನು ಮೊದಲು ನಿಮ್ಮ ಮುಂಗೈ ಒಳಬದಿಗೆ ಇಟ್ಟು ನೋಡಿ.

ಯಾವುದಕ್ಕೂ ನೋವು ಬಗ್ಗದಿದ್ದರೆ ಮೊದಲು ಮೂತ್ರಕೋಶ ತುಂಬಿದೆಯೇ ನೋಡಿ. ಕಂಟ್ರಾಕ್ಷನ್ ಇಳಿದರೂ ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿಯೇ ಇದ್ದರೆ, ರಕ್ತ ಹೋಗುತ್ತಿದ್ದರೆ, ಹಿಂದಿನ ಸಿಸೇರಿಯನ್ ಗಾಯದ ಜಾಗ ಬಿಡದೆ ನೋಯುತ್ತಿದ್ದರೆ ಸಿರಿಂಜು ಕೆಳಗಿಟ್ಟು ಮಗುವಿನ ಎದೆಬಡಿತ ಕೇಳಿ, ಡಾಕ್ಟರನ್ನು ಆ ಕ್ಷಣವೇ ಕರೆಯಿರಿ.