ಮೈಸೂರಿನಲ್ಲಿ ಮನೆ, ಕಾಡಿನಲ್ಲಿ ಕೆಲಸ: ವನ್ಯಜೀವಿ ವಿಜ್ಞಾನಿ ಆಗುವುದು ಹೇಗೆ?

ಮಾನಸಗಂಗೋತ್ರಿಯ ಮರಗಳು, ಕುಕ್ಕರಹಳ್ಳಿ ಕೆರೆಯ ಹೆಜ್ಜಾರ್ಲೆಗಳು, ಬೆಂಗಳೂರಿಗಿಂತ ಕಡಿಮೆ ಬಾಡಿಗೆ. ಎರಡು–ಮೂರು ಗಂಟೆ ದಾರಿಯಲ್ಲಿ ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ. ಕಾಡುಪ್ರಾಣಿಗಳ ಬಗ್ಗೆ ಕೆಲಸ ಮಾಡಬೇಕು ಎನ್ನುವವರಿಗೆ ಮೈಸೂರಿನಂಥ ಊರು ಸಿಗುವುದು ಕಷ್ಟ. 1996ರಲ್ಲಿ ಶುರುವಾದ ವನ್ಯಜೀವಿ ಸಂಶೋಧನಾ ಸಂಸ್ಥೆ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಇರುವುದೂ ಇದೇ ಊರಿನಲ್ಲಿ.

ಆದರೆ ಆ ಸಂಸ್ಥೆಯ ವಿಜ್ಞಾನಿಗಳು ಕೆಲಸ ಮಾಡುವ ಜಾಗಗಳನ್ನು ನೋಡಿ: ಹಿಮಾಚಲದ ಸ್ಪಿತಿಯಲ್ಲಿ ಹಿಮ ಚಿರತೆ, ಅರುಣಾಚಲದಲ್ಲಿ ಮಂಗಟ್ಟೆ, ತಮಿಳುನಾಡಿನ ವಾಲ್ಪಾರೈನಲ್ಲಿ ಮಳೆಕಾಡು. ಊರು ನೋಡಿ ಕೆಲಸ ಹುಡುಕಿದರೆ ನಿರಾಸೆ ಖಚಿತ. ಮೊದಲು ಕೆಲಸ ಕಲಿಯಿರಿ.

ಯಾವ ಕೆಲಸ ಬೇಕು, ತೀರ್ಮಾನಿಸಿ

ಯೂನಿಫಾರ್ಮ್ ಹಾಕಿ ಕಾಡು ಕಾಯಬೇಕು ಎಂದರೆ ದಾರಿ ಬೇರೆ. ಭಾರತೀಯ ಅರಣ್ಯ ಸೇವೆಗೆ (ಐಎಫ್‌ಎಸ್) ಯುಪಿಎಸ್‌ಸಿ ಪರೀಕ್ಷೆ ಬರೆಯಬೇಕು, ವಲಯ ಅರಣ್ಯಾಧಿಕಾರಿ (ಆರ್‌ಎಫ್‌ಒ) ಆಗಲು ರಾಜ್ಯದ ನೇಮಕಾತಿ ಇದೆ. ವನ್ಯಜೀವಿ ವಿಜ್ಞಾನಿಯ ಕೆಲಸ ಪ್ರಶ್ನೆ ಕೇಳುವುದು, ಲೆಕ್ಕ ತೆಗೆಯುವುದು, ಬರೆಯುವುದು. ಅರ್ಧಕ್ಕಿಂತ ಜಾಸ್ತಿ ಸಮಯ ಕಂಪ್ಯೂಟರ್ ಮುಂದೆಯೇ ಕಳೆಯುತ್ತದೆ. ಅದು ಆಗಲ್ಲ ಎನ್ನುವವರು ಈಗಲೇ ಯೋಚನೆ ಮಾಡುವುದು ಒಳ್ಳೆಯದು.

ಓದು

ಪ್ರಾಣಿಶಾಸ್ತ್ರದಲ್ಲಿ ಬಿಎಸ್ಸಿ ಇದ್ದರೆ ಸರಿ. ಪೊನ್ನಂಪೇಟೆ, ಶಿರಸಿಯ ಅರಣ್ಯ ಕಾಲೇಜುಗಳಲ್ಲಿ ಓದಿದರೂ ಸರಿ. ನಂತರ ಎಂಎಸ್ಸಿ ಬೇಕೇ ಬೇಕು. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ವನ್ಯಜೀವಿ ಕುರಿತ ಎರಡು ವರ್ಷದ ಎಂಎಸ್ಸಿ ಇದೆ. ಬೇರೆ ಬೇರೆ ವಿಷಯ ಓದಿದವರು ಅಲ್ಲಿಗೆ ಬರುತ್ತಾರೆ, ಎಂಜಿನಿಯರ್‌ಗಳೂ ಸೇರಿದ್ದಾರೆ. ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆ 1982ರಿಂದ ಇದೆ. ಶಿವಮೊಗ್ಗ ಹತ್ತಿರದ ಕುವೆಂಪು ವಿಶ್ವವಿದ್ಯಾಲಯದಲ್ಲೂ ವನ್ಯಜೀವಿ ವಿಭಾಗವಿದೆ. ಮೊದಲ ಎರಡು ಕಡೆ ಸೀಟು ಕಡಿಮೆ, ಪೈಪೋಟಿ ಜಾಸ್ತಿ. ಒಂದು ಸಲ ಸಿಗದಿದ್ದರೆ ಆ ವರ್ಷ ಯಾವುದಾದರೂ ಪ್ರಾಜೆಕ್ಟ್‌ನಲ್ಲಿ ಸಹಾಯಕರಾಗಿ ಸೇರಿ. ಮುಂದಿನ ಸಂದರ್ಶನದಲ್ಲಿ ಅದೇ ಕೈಹಿಡಿಯುತ್ತದೆ.

ಲೆಕ್ಕ ಹಿಡಿಯುವುದನ್ನು ಕಲಿಯಿರಿ

ನಿಜವಾದ ಕೆಲಸ ಇಲ್ಲೇ ಇರುವುದು. ಜಿಂಕೆ, ಕಡವೆ, ಕಾಟಿಗಳ ಲೆಕ್ಕಕ್ಕೆ ಟ್ರಾನ್ಸೆಕ್ಟ್ ಲೈನ್ ನಡೆಯುತ್ತಾರೆ. ಕಾಡಿನಲ್ಲಿ ನೇರವಾದ ಗೆರೆಯಂತೆ ದಾರಿ ಬಿಡಿಸಿರುತ್ತಾರೆ. ಬೆಳಿಗ್ಗೆ ಮಾತಾಡದೆ ಅದರ ಮೇಲೆ ನಡೆಯಬೇಕು. ಪ್ರಾಣಿ ಕಂಡ ತಕ್ಷಣ ಅದು ಎಷ್ಟು ದೂರದಲ್ಲಿದೆ, ಯಾವ ಕೋನದಲ್ಲಿದೆ, ಗುಂಪಿನಲ್ಲಿ ಎಷ್ಟಿವೆ ಎಂದು ಬರೆಯಬೇಕು. ದೂರ ಯಾಕೆ? ಗೆರೆಯಿಂದ ದೂರ ಹೋದಷ್ಟೂ ನಮ್ಮ ಕಣ್ಣಿಗೆ ತಪ್ಪುವ ಪ್ರಾಣಿಗಳು ಹೆಚ್ಚು. ಕಾಣುವುದು ಯಾವ ರೀತಿ ಕಡಿಮೆಯಾಗುತ್ತದೆ ಎಂದು ಗೊತ್ತಾದರೆ, ತಪ್ಪಿಹೋದವನ್ನೂ ಅಂದಾಜು ಮಾಡಬಹುದು. ಅಂದಾಜಿಗೆ ‘ಸುಮಾರು ಐವತ್ತು ಮೀಟರ್’ ಎಂದು ಬರೆದರೆ ಇಡೀ ಲೆಕ್ಕವೇ ಕೆಡುತ್ತದೆ. ಏನೂ ಕಾಣದ ದಿನವನ್ನೂ ಸೊನ್ನೆ ಎಂದು ಬರೆಯಲೇಬೇಕು.

ಹುಲಿಗೆ ಕ್ಯಾಮೆರಾ ಟ್ರ್ಯಾಪ್, ಅಂದರೆ ಎದುರು ಏನಾದರೂ ಅಲುಗಾಡಿದರೆ ತಾನಾಗಿಯೇ ಫೋಟೊ ತೆಗೆಯುವ ಕ್ಯಾಮೆರಾ. ಒಂದೊಂದು ಹುಲಿಯನ್ನೂ ಗುರುತಿಸುವುದು ಪಟ್ಟೆ ನೋಡಿ. ಹುಲಿಯ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿನಂತೆ ಇರುವುದಿಲ್ಲ. ಹಾಗಾಗಿ ದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟುತ್ತಾರೆ. ಎದುರಿನ ಹುಲ್ಲು ಸವರದೆ ಬಂದರೆ ಗಾಳಿಗೆ ಆಡುವ ಎಲೆಗಳ ಸಾವಿರಾರು ಫೋಟೊ ಸಿಗುತ್ತವೆ, ಹುಲಿ ಸಿಗಲ್ಲ. 2022ರ ಗಣತಿಯಲ್ಲಿ ಕರ್ನಾಟಕಕ್ಕೆ ಬಂದ 563 ಹುಲಿಗಳ ಅಂದಾಜಿನ ಹಿಂದೆ ಇಂಥ ಬೇಸರದ ಕೆಲಸ ಬೇಕಾದಷ್ಟಿದೆ.

ಅಭ್ಯಾಸಕ್ಕೆ ಕಾಡೇ ಬೇಕಿಲ್ಲ. ಕಾರಂಜಿ ಕೆರೆಗೆ ವಾರಕ್ಕೊಮ್ಮೆ ಒಂದೇ ಹೊತ್ತಿಗೆ ಹೋಗಿ, ಕಂಡ ಹಕ್ಕಿಗಳನ್ನು ಇಬರ್ಡ್ ಆ್ಯಪ್‌ಗೆ ಹಾಕಿ. ಫೆಬ್ರುವರಿಯಲ್ಲಿ ಕ್ಯಾಂಪಸ್ ಹಕ್ಕಿ ಎಣಿಕೆ ನಡೆಯುತ್ತದೆ, ನಿಮ್ಮ ಕಾಲೇಜನ್ನೂ ಸೇರಿಸಿ. ಜೊತೆಗೆ ಅಂಕಿಅಂಶ ವಿಶ್ಲೇಷಣೆಯ ‘ಆರ್’ ಮತ್ತು ನಕ್ಷೆ ಮಾಡುವ ‘ಕ್ಯುಜಿಐಎಸ್’ ಸಾಫ್ಟ್‌ವೇರ್ ಕಲಿಯಿರಿ. ಎರಡೂ ಉಚಿತ. ಸಿಂಹದ ಫೋಟೊ ಇರುವ ಬಯೋಡೇಟಾಗಿಂತ ಇವೆರಡು ಬರುವ ಬಯೋಡೇಟಾ ಬೇಗ ಕಣ್ಣಿಗೆ ಬೀಳುತ್ತದೆ.

ಕನ್ನಡ ನಿಮ್ಮ ಬಲ

ಇದನ್ನು ನಮ್ಮ ಹುಡುಗರು ಯಾಕೋ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಾಗರಹೊಳೆಯ ಜೇನುಕುರುಬರು, ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೆಜ್ಜೆ, ಲದ್ದಿ, ಕೂಗು ನೋಡಿ ಕೇಳಿ ಹೇಳುವುದು ಯಾವ ತರಗತಿಯಲ್ಲೂ ಸಿಗಲ್ಲ. ಜೊತೆಗೆ ಬರುವ ಅರಣ್ಯ ವಾಚರ್ (ಕಾವಲುಗಾರ) ನಿಮಗಿಂತ ದೊಡ್ಡವರಾದರೆ ಅಣ್ಣ ಎನ್ನಿ. ನಿಲ್ಲು ಎಂದರೆ ನಿಲ್ಲಿ. ಆನೆ ಎದುರಾದಾಗ ನಿಮ್ಮ ಪದವಿ ಕೆಲಸಕ್ಕೆ ಬರಲ್ಲ. ಎಚ್.ಡಿ. ಕೋಟೆ, ಗುಂಡ್ಲುಪೇಟೆ ಕಡೆ ಬೆಳೆ ಹಾನಿ ಬಗ್ಗೆ ಮಾತಾಡಲು ಹೋದಾಗ ರೈತರು ಪರಿಹಾರದವರು ಬಂದರು ಎಂದುಕೊಳ್ಳಬಹುದು. ‘ನಾನು ಪರಿಹಾರ ಕೊಡಿಸಲು ಬಂದಿಲ್ಲ’ ಎಂದು ಮೊದಲೇ ಹೇಳಿಬಿಡಿ. ಸುಮ್ನೆ ಆಸೆ ಹುಟ್ಟಿಸಿದರೆ ನಿಮ್ಮ ನಂತರ ಹೋಗುವವರಿಗೂ ಬಾಗಿಲು ಮುಚ್ಚುತ್ತದೆ.

ಅನುಮತಿ, ಸಂಬಳ

ಅಭಯಾರಣ್ಯದೊಳಗೆ ಸಂಶೋಧನೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ವಾರ್ಡನ್ ಅನುಮತಿ ಬೇಕು. ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ಹಾಗಾಗಿ ಅನುಮತಿ ಪಡೆದಿರುವ ಪ್ರಾಜೆಕ್ಟ್‌ಗೆ ಸೇರುವುದೇ ಹೊಸಬರಿಗೆ ಸುಲಭ.

ಕಾಯಂ ಹುದ್ದೆ ಕಡಿಮೆ. ಹೆಚ್ಚಿನವು ಗುತ್ತಿಗೆ. ರಾಷ್ಟ್ರೀಯ ಅರ್ಹತಾ ಪರೀಕ್ಷೆ (ನೆಟ್) ಪಾಸಾಗಿ ಕಿರಿಯ ಸಂಶೋಧಕರ ಫೆಲೋಶಿಪ್ (ಜೆಆರ್‌ಎಫ್) ಸಿಕ್ಕರೆ 2023ರ ಜನವರಿಯಿಂದ ಜಾರಿಯಾದ ದರದಲ್ಲಿ ತಿಂಗಳಿಗೆ 37,000 ರೂಪಾಯಿ, ಅದರ ಮೇಲೆ ಮನೆ ಬಾಡಿಗೆ ಭತ್ಯೆ. ಸಂಸ್ಥೆಗಳ ಪ್ರಾಜೆಕ್ಟ್‌ಗಳಲ್ಲಿ ಒಂದೊಂದು ಕಡೆ ಒಂದೊಂದು ರೀತಿ. ಹುಲಿ ಸಂರಕ್ಷಿತ ಪ್ರದೇಶಗಳೂ ಗುತ್ತಿಗೆ ಮೇಲೆ ಜೀವಶಾಸ್ತ್ರಜ್ಞರನ್ನು ತೆಗೆದುಕೊಳ್ಳುವುದುಂಟು. ಒಪ್ಪಿಕೊಳ್ಳುವ ಮೊದಲು ಮೂರು ವಿಷಯ ಕೇಳಿ: ಕ್ಯಾಂಪಿನಲ್ಲಿ ಊಟ–ವಸತಿ ಖರ್ಚು ಯಾರದು, ವಿಮೆ ಇದೆಯಾ, ಕೊನೆಗೆ ಬರುವ ಸಂಶೋಧನಾ ಲೇಖನದಲ್ಲಿ ನಿಮ್ಮ ಹೆಸರು ಇರುತ್ತದಾ? ಕೇಳಲು ಸಂಕೋಚ ಬೇಡ. ಕೆಲಸ ಕೊಡುವವರು ಇದಕ್ಕೆ ಬರವಣಿಗೆಯಲ್ಲಿ ಉತ್ತರ ಕೊಡದಿದ್ದರೆ ಬೇರೆ ಪ್ರಾಜೆಕ್ಟ್ ನೋಡಿ.