ಮಳೆ ಹಿಡಿಯುವ ಮೊದಲು ನಾಯಿ, ಬೆಕ್ಕಿಗೆ ಲಸಿಕೆ ಹಾಕಿಸಿ

ಮೂಡಿಗೆರೆ ಕಡೆಯ ತೋಟದ ಮನೆಯವರು ದಯವಿಟ್ಟು ಗಮನಿಸಿ. ಹೋದ ವರ್ಷ ನಮ್ಮ ನಾಯಿಮರಿ ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೇ ದಿನ ರಕ್ತಭೇದಿ. ಗೋಣಿಚೀಲದ ಮೇಲೆ ತಲೆ ಎತ್ತಲಾಗದೆ ಮಲಗಿತ್ತು. ಪಾರ್ವೊ ಅನ್ನುವ ವೈರಸ್ ರೋಗ. ಉಳಿಯಲಿಲ್ಲ. ಲಸಿಕೆಯನ್ನು ‘ಮುಂದಿನ ವಾರ’ ಅಂತ ತಳ್ಳಿದ್ದು ಈಗಲೂ ಕೊರೆಯುತ್ತದೆ.

ಮರಿಗೆ 6ರಿಂದ 8 ವಾರ ಆದಾಗ ಮೊದಲ ಲಸಿಕೆ. ಆಮೇಲೆ 3-4 ವಾರಕ್ಕೊಮ್ಮೆ, 16 ವಾರ ಆಗುವವರೆಗೆ. ಒಂದೇ ಡೋಸ್ ಹಾಕಿಸಿ ಸುಮ್ನೆ ಇರಬೇಡಿ. ತಾಯಿಹಾಲಿನಿಂದ ಬಂದ ರಕ್ಷಣೆಯೇ ಮೊದಲ ಡೋಸಿಗೆ ಅಡ್ಡ ಬರಬಹುದು. 3 ತಿಂಗಳು ತುಂಬಿದಾಗ ರೇಬೀಸ್ ಲಸಿಕೆ. ಬೆಕ್ಕಿಗೂ ಬೇಕು, ಅದಕ್ಕೂ ರೇಬೀಸ್ ಬರುತ್ತದೆ ಅಲ್ವಾ?

ನಮ್ಮಲ್ಲಿ ಮಳೆ ಜಾಸ್ತಿ, ಇಲಿಯೂ ಜಾಸ್ತಿ. ಇಲಿ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ನಾಯಿಗೂ ಬರುತ್ತದೆ, ನಮಗೂ ಬರುತ್ತದೆ. ಲಸಿಕೆಯಲ್ಲಿ ಲೆಪ್ಟೊ, ಅಂದರೆ ಇಲಿಜ್ವರದ ಲಸಿಕೆ, ಸೇರಿದೆಯಾ ಅಂತ ಡಾಕ್ಟರನ್ನು ಕೇಳಿ.

ತೋಟ ಸುತ್ತಿ ಬಂದ ನಾಯಿಯ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣುಗು ಇದೆಯಾ ನೋಡಿ. ನಾಯಿಯ ಉಣುಗಿನ ಔಷಧಿಯನ್ನು ಬೆಕ್ಕಿಗೆ ಹಾಕಲೇಬೇಡಿ. ಅದರಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇದ್ದರೆ ಬೆಕ್ಕಿಗೆ ವಿಷ.

ಸೆಪ್ಟೆಂಬರ್ 28, ವಿಶ್ವ ರೇಬೀಸ್ ದಿನದ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಹಾಕುವುದುಂಟು. ಮರಿ ಇದ್ದವರು ಅಲ್ಲಿವರೆಗೆ ಕಾಯಬೇಡಿ.