ದೇಶದ ಅನಿಲದ ಲೆಕ್ಕವನ್ನು ಓದುವ ಬಗೆ

ಕನ್ನಡ ಪತ್ರಿಕೆಗಳಲ್ಲಿ ‘ಅನಿಲ ದರ ಏರಿಕೆ’ ಎಂಬ ತಲೆಬರಹ ಕಂಡಾಗ ಅದು ಅಡುಗೆಮನೆಯ ಸಿಲಿಂಡರಿನ ಸುದ್ದಿಯೋ, ಕೊಳವೆಯಲ್ಲಿ ಹರಿಯುವ ನೈಸರ್ಗಿಕ ಅನಿಲದ ಸುದ್ದಿಯೋ ಎಂದು ತಿಳಿಯಲು ಎರಡು ಮೂರು ಸಾಲು ಓದಲೇಬೇಕಾಗುತ್ತದೆ. ಸಿಲಿಂಡರಿನಲ್ಲಿರುವ ಎಲ್‌ಪಿಜಿ ಪ್ರೋಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ನೈಸರ್ಗಿಕ ಅನಿಲದ ಬಹುಪಾಲು ಮೀಥೇನ್. ಎರಡಕ್ಕೂ ಬೆಲೆಯ ಸೂತ್ರ ಬೇರೆ, ಸರ್ಕಾರಿ ಲೆಕ್ಕದ ಪುಸ್ತಕವೂ ಬೇರೆ. ಈ ಬರಹ ಎರಡನೆಯದನ್ನು ಕುರಿತದ್ದು. ಭಾರತದಲ್ಲಿ ನೈಸರ್ಗಿಕ ಅನಿಲದ ಪೂರೈಕೆ ಮತ್ತು ಬೇಡಿಕೆ ಯಾವ ದಿಕ್ಕಿಗೆ ಸಾಗುತ್ತಿದೆ ಎಂಬುದನ್ನು ಯಾರದೋ ವಿಶ್ಲೇಷಣೆಗೆ ಕಾಯದೆ, ಪ್ರಕಟವಾಗುವ ಅಂಕಿಗಳಿಂದಲೇ ಓದಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಬೇಕಾದದ್ದು ಒಂದೇ ಮೂಲ. ಕೇಂದ್ರ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ಸಚಿವಾಲಯದ ಅಡಿಯಲ್ಲಿರುವ ಪೆಟ್ರೋಲಿಯಂ ಪ್ಲಾನಿಂಗ್ ಅಂಡ್ ಅನಾಲಿಸಿಸ್ ಸೆಲ್, ಅಂದರೆ ಪಿಪಿಎಸಿ, ಪ್ರತಿ ತಿಂಗಳೂ ಅನಿಲದ ವರದಿಯನ್ನು ತನ್ನ ಜಾಲತಾಣದಲ್ಲಿ ಉಚಿತವಾಗಿ ಪ್ರಕಟಿಸುತ್ತದೆ. ಉತ್ಪಾದನೆ, ಆಮದು, ವಲಯವಾರು ಬಳಕೆ, ಹಡಗಿನ ಅನಿಲವನ್ನು ಇಳಿಸಿಕೊಳ್ಳುವ ಟರ್ಮಿನಲ್‌ಗಳ ಸಾಮರ್ಥ್ಯ, ಸಿಎನ್‌ಜಿ ಬಂಕುಗಳ ಸಂಖ್ಯೆ, ದೇಶೀ ಅನಿಲದ ಬೆಲೆ ಎಲ್ಲವೂ ಅದರಲ್ಲಿರುತ್ತವೆ. ತೀರಾ ಇತ್ತೀಚಿನ ತಿಂಗಳುಗಳ ಅಂಕಿಗಳು ತಾತ್ಕಾಲಿಕವಾಗಿದ್ದು ಮುಂದೆ ತಿದ್ದುಪಡಿಯಾಗುತ್ತವೆ. ಆದ್ದರಿಂದ ಕಳೆದ ತಿಂಗಳ ವರದಿಯಿಂದ ಬರೆದಿಟ್ಟುಕೊಂಡ ಸಂಖ್ಯೆಯನ್ನು ಈ ತಿಂಗಳ ವರದಿಯ ಸಂಖ್ಯೆಯೊಡನೆ ಹೋಲಿಸದೆ, ಎರಡನ್ನೂ ಹೊಸ ವರದಿಯಿಂದಲೇ ತೆಗೆದುಕೊಳ್ಳುವುದು ಕ್ಷೇಮ.

ಅಳತೆಗಳ ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳಬೇಕು

ಅನಿಲದ ವ್ಯವಹಾರದಲ್ಲಿ ಒಂದೇ ಸರಕನ್ನು ನಾಲ್ಕು ಬಗೆಯಲ್ಲಿ ಅಳೆಯುತ್ತಾರೆ. ವರ್ಷದ ಲೆಕ್ಕ ಶತಕೋಟಿ ಘನ ಮೀಟರ್‌ಗಳಲ್ಲಿ, ಅಂದರೆ ಬಿಸಿಎಂನಲ್ಲಿ ಇರುತ್ತದೆ. ಕೊಳವೆಮಾರ್ಗದವರು ಮತ್ತು ಉತ್ಪಾದಕರು ದಿನಕ್ಕೆ ಎಷ್ಟು ದಶಲಕ್ಷ ಘನ ಮೀಟರ್ ಎಂದು ಮಾತನಾಡುತ್ತಾರೆ; ಅದಕ್ಕೆ ಎಂಎಂಎಸ್‌ಸಿಎಂಡಿ ಎಂದು ಹೆಸರು. ಹಡಗಿನಲ್ಲಿ ಬರುವ ದ್ರವೀಕೃತ ಅನಿಲ, ಅಂದರೆ ಎಲ್‌ಎನ್‌ಜಿ, ಟನ್ನಿನ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಬೆಲೆಯನ್ನು ಮಾತ್ರ ಶಾಖದ ಅಳತೆಯಾದ ಎಂಎಂಬಿಟಿಯುಗೆ ಇಷ್ಟು ಡಾಲರ್ ಎಂದು ಹೇಳುತ್ತಾರೆ.

ಇವನ್ನು ಜೋಡಿಸಲು ಮೂರು ಗುಣಕಗಳು ಸಾಕು. ವರ್ಷಕ್ಕೆ 1 ಬಿಸಿಎಂ ಎಂದರೆ ದಿನಕ್ಕೆ 2.74 ದಶಲಕ್ಷ ಘನ ಮೀಟರ್. ವರ್ಷಕ್ಕೆ 10 ಲಕ್ಷ ಟನ್ ಎಲ್‌ಎನ್‌ಜಿ ಎಂದರೆ ದಿನಕ್ಕೆ ಸುಮಾರು 3.6 ದಶಲಕ್ಷ ಘನ ಮೀಟರ್. ಪ್ರತಿ ಘನ ಮೀಟರಿನ ಶಾಖ ಹತ್ತು ಸಾವಿರ ಕಿಲೊ ಕ್ಯಾಲರಿ ಎಂದಿಟ್ಟುಕೊಂಡರೆ ಒಂದು ಎಂಎಂಬಿಟಿಯು ಸರಿಸುಮಾರು 25 ಘನ ಮೀಟರ್ ಅನಿಲಕ್ಕೆ ಸಮ. ಇಷ್ಟು ಕೈಯಲ್ಲಿದ್ದರೆ ಗುಜರಾತಿನ ದಹೇಜ್ ಟರ್ಮಿನಲ್ಲಿಗೆ 2024ರಲ್ಲಿದ್ದ ವಾರ್ಷಿಕ 175 ಲಕ್ಷ ಟನ್ ಸಾಮರ್ಥ್ಯವೆಂದರೆ ದಿನಕ್ಕೆ 63 ದಶಲಕ್ಷ ಘನ ಮೀಟರ್ ಎಂದೂ, ಅದು ದೇಶದ ಒಟ್ಟು ಬಳಕೆಯ ಮೂರನೆಯ ಒಂದು ಪಾಲಿನಷ್ಟೆಂದೂ ಒಡನೆಯೇ ತಿಳಿಯುತ್ತದೆ.

ತಿಂಗಳ ಅಂಕಿಗಳನ್ನು ಹೋಲಿಸುವಾಗ ಇನ್ನೊಂದು ಸಣ್ಣ ಎಚ್ಚರಿಕೆ ಬೇಕು. ಜನವರಿಯಲ್ಲಿ 6,200 ದಶಲಕ್ಷ ಘನ ಮೀಟರ್ ಬಳಕೆಯಾಗಿ ಫೆಬ್ರವರಿಯಲ್ಲಿ ಅದು 5,600ಕ್ಕೆ ಇಳಿದಿದೆ ಎಂದು ಭಾವಿಸೋಣ. ಶೇ 10ರಷ್ಟು ಕುಸಿತವೆಂದು ಯಾರಾದರೂ ಬರೆದುಬಿಡಬಹುದು. ದಿನದ ಲೆಕ್ಕಕ್ಕೆ ಇಳಿಸಿದರೆ ಎರಡೂ 200. ಕುಸಿದದ್ದು ದಿನಗಳ ಸಂಖ್ಯೆ ಮಾತ್ರ. ಮೊದಲು ದಿನದ ಸರಾಸರಿಗೆ ಇಳಿಸಿ, ಆಮೇಲೆ ಹಿಂದಿನ ತಿಂಗಳ ಬದಲು ಹಿಂದಿನ ವರ್ಷದ ಅದೇ ತಿಂಗಳಿನೊಡನೆ ಹೋಲಿಸುವ ರೂಢಿ ಇಟ್ಟುಕೊಳ್ಳಬೇಕು. ಬೇಸಿಗೆಯ ವಿದ್ಯುತ್ ಬೇಡಿಕೆ, ಮಳೆಗಾಲದ ಜಲವಿದ್ಯುತ್ತು, ಯೂರಿಯಾ ಕಾರ್ಖಾನೆಗಳ ವಾರ್ಷಿಕ ದುರಸ್ತಿ ಇವೆಲ್ಲ ಋತುವಿನ ಜೊತೆ ಬಂದುಹೋಗುವಂಥವು.

‘ಬಳಕೆ’ ಎಂಬ ಸಾಲಿನಲ್ಲಿ ನಿಜಕ್ಕೂ ಇರುವುದೇನು

ಇಡೀ ವರದಿಯಲ್ಲಿ ಹೆಚ್ಚು ಜನ ಎಡವುವುದು ಇಲ್ಲಿ. ಪಿಪಿಎಸಿಯ ಕೋಷ್ಟಕದಲ್ಲಿ ಮೊದಲು ಒಟ್ಟು ಉತ್ಪಾದನೆ ಇರುತ್ತದೆ. ಬಾವಿಯ ಬಳಿಯೇ ಸುಟ್ಟುಹೋದದ್ದನ್ನೂ ನಷ್ಟವಾದದ್ದನ್ನೂ ಕಳೆದರೆ ನಿವ್ವಳ ಉತ್ಪಾದನೆ ಸಿಗುತ್ತದೆ. ಅದಕ್ಕೆ ಎಲ್‌ಎನ್‌ಜಿ ಆಮದನ್ನು ಕೂಡಿಸಿದ ಮೊತ್ತವನ್ನೇ ‘ಒಟ್ಟು ಬಳಕೆ’ ಎಂದು ಕರೆಯಲಾಗುತ್ತದೆ. ಅಂದರೆ ದೇಶಕ್ಕೆ ಎಷ್ಟು ಬೇಕಿತ್ತು ಎಂಬುದನ್ನು ಯಾರನ್ನೂ ಕೇಳಿ ಪಡೆದ ಸಂಖ್ಯೆ ಅದಲ್ಲ. ಎಷ್ಟು ಸಿಕ್ಕಿತು ಎಂಬುದರ ಮೊತ್ತ. ಬೇಡಿಕೆಯ ಸುಳಿವು ಬೇಕಿದ್ದರೆ ಈ ಸಾಲಿನ ಪಕ್ಕದಲ್ಲಿ ಬೆಲೆಯ ಸಾಲನ್ನು ಇಟ್ಟುಕೊಂಡೇ ಓದಬೇಕು.

ಕಳೆದ ಕೆಲವು ವರ್ಷಗಳ ಅಂಕಿಗಳ ಮೇಲೆ ಇದನ್ನು ಪ್ರಯೋಗಿಸಿ ನೋಡಬಹುದು. 2021–22ರಲ್ಲಿ ನಿವ್ವಳ ಉತ್ಪಾದನೆ ಸುಮಾರು 33 ಬಿಸಿಎಂ, ಆಮದು 31, ಒಟ್ಟು 64. ಮರುವರ್ಷ ಉತ್ಪಾದನೆ ತುಸು ಏರಿದರೂ ಆಮದು ಸುಮಾರು 26ಕ್ಕೆ ಕುಸಿದು, ಒಟ್ಟು ಬಳಕೆ 60ರ ಆಸುಪಾಸಿಗೆ ಇಳಿಯಿತು. ಆಮದಿನ ಅವಲಂಬನೆ ಶೇ 48ರಿಂದ ಶೇ 44ಕ್ಕೆ ಇಳಿದದ್ದನ್ನಷ್ಟೇ ನೋಡಿದರೆ ದೇಶ ಸ್ವಾವಲಂಬನೆಯತ್ತ ಹೆಜ್ಜೆ ಇಟ್ಟಿತೆಂದು ಸಂತೋಷಪಡಬಹುದಿತ್ತು. ನಡೆದದ್ದು ಬೇರೆ. ಯುಕ್ರೇನ್ ಯುದ್ಧದ ನಂತರ ರಷ್ಯಾದ ಕೊಳವೆ ಅನಿಲ ಕಳೆದುಕೊಂಡ ಯುರೋಪು, ಹಡಗಿನ ಅನಿಲವನ್ನು ಕೇಳಿದ ಬೆಲೆ ಕೊಟ್ಟು ಬಾಚಿಕೊಂಡಿತು. ದೀರ್ಘಾವಧಿ ಒಪ್ಪಂದವಿಲ್ಲದೆ ಒಂದೊಂದೇ ಹಡಗಿನ ಸರಕನ್ನು ಕೊಳ್ಳುವ ಏಷ್ಯಾದ ತಕ್ಷಣದ ಮಾರುಕಟ್ಟೆಯಲ್ಲಿ ಬೆಲೆ ಎಂಎಂಬಿಟಿಯುಗೆ 50 ಡಾಲರನ್ನೂ ಮೀರಿತು. ಸರ್ಕಾರಿ ಅನಿಲ ಕಂಪನಿಯಾದ ಗೇಲ್ ಸಂಸ್ಥೆಗೆ ದೀರ್ಘಾವಧಿ ಒಪ್ಪಂದದಡಿ ಬರಬೇಕಿದ್ದ ರಷ್ಯಾದ ಗ್ಯಾಜ್‌ಪ್ರಾಮ್ ಕಂಪನಿ ಮೂಲದ ಪೂರೈಕೆಯೂ ಆ ವರ್ಷ ನಿಂತಿತು. ನಮ್ಮ ಖರೀದಿದಾರರು ಕೈಚೆಲ್ಲಿದರು. ಬೆಲೆ ಇಳಿದ ಮೇಲೆ 2024–25ರಲ್ಲಿ ಒಟ್ಟು ಬಳಕೆ 71 ಬಿಸಿಎಂಗೆ, ಅಂದರೆ ದಿನಕ್ಕೆ ಸುಮಾರು 195 ದಶಲಕ್ಷ ಘನ ಮೀಟರಿಗೆ ಏರಿ, ಆಮದಿನ ಪಾಲು ಮತ್ತೆ ಅರ್ಧವನ್ನು ದಾಟಿತು. ಹಾಗಾಗಿ ಆಮದು ಅವಲಂಬನೆಯ ಶೇಕಡಾವಾರನ್ನು ಒಂಟಿಯಾಗಿ ಉಲ್ಲೇಖಿಸುವ ಯಾವ ಬರಹವನ್ನೂ ನಾನು ಅನುಮಾನದಿಂದಲೇ ಓದುತ್ತೇನೆ.

ದೇಶೀ ಉತ್ಪಾದನೆಯ ಕಥೆ ಇದಕ್ಕಿಂತ ಸರಳ. ಮುಂಬೈ ಬಳಿಯ ಕಡಲಿನಲ್ಲಿ 1974ರಲ್ಲಿ ಪತ್ತೆಯಾದ ಬಾಂಬೆ ಹೈ ಮತ್ತು ಅದರ ನೆರೆಯ ಬಸ್ಸೀನ್ ಕ್ಷೇತ್ರಗಳು ದಶಕಗಳ ಕಾಲ ಭಾರ ಹೊತ್ತು ಈಗ ಹಳತಾಗಿವೆ. ಕೃಷ್ಣಾ–ಗೋದಾವರಿ ಕಣಿವೆಯ ಆಳಸಮುದ್ರದ ಕೆಜಿ–ಡಿ6 ಬ್ಲಾಕಿನಿಂದ 2009ರ ಏಪ್ರಿಲ್‌ನಲ್ಲಿ ಅನಿಲ ಬರತೊಡಗಿದಾಗ ದೇಶದ 2010–11ರ ಒಟ್ಟು ಉತ್ಪಾದನೆ 52 ಬಿಸಿಎಂ ಮುಟ್ಟಿತು. ಆ ಬ್ಲಾಕಿನ ಮೊದಲ ಕ್ಷೇತ್ರಗಳು ನಿರೀಕ್ಷೆಗಿಂತ ಬಹು ಬೇಗ ಬತ್ತಿ 2020ರ ಫೆಬ್ರವರಿಯಲ್ಲಿ ಮುಚ್ಚಿದವು. 2020–21ರ ಉತ್ಪಾದನೆ 29 ಬಿಸಿಎಂಗಿಂತ ಕೆಳಗಿತ್ತು. ಅದೇ ಬ್ಲಾಕಿನ ಹೊಸ ಕ್ಷೇತ್ರಗಳು 2020ರ ಡಿಸೆಂಬರಿನಿಂದ ಒಂದೊಂದಾಗಿ ಸೇರಿದ ಮೇಲೆ ದೇಶದ ಉತ್ಪಾದನೆ 2024–25ರ ಹೊತ್ತಿಗೆ 36ರ ಸುತ್ತ ನಿಂತಿತು. ಹೊಸ ಬಾವಿಯ ಸುದ್ದಿ ಬಂದಾಗಲೆಲ್ಲ ಹಳೆಯ ಬಾವಿಗಳ ಇಳಿಕೆಯನ್ನು ಅದು ತುಂಬಿಕೊಡುವಷ್ಟಿದೆಯೇ ಎಂಬ ಪ್ರಶ್ನೆಯನ್ನೇ ಮೊದಲು ಕೇಳಬೇಕು.

ಬೆಲೆ ಏರಿದಾಗ ಯಾರು ಎದ್ದು ಹೋಗುತ್ತಾರೆ

ವಲಯವಾರು ಬಳಕೆಯ ಪುಟವನ್ನು ತೆರೆದರೆ ರಸಗೊಬ್ಬರ ಸುಮಾರು ಶೇ 30, ನಗರ ಅನಿಲ ವಿತರಣೆ (ಸಿಎನ್‌ಜಿ, ಮನೆಗಳ ಕೊಳವೆ ಅನಿಲ ಮುಂತಾದವು) ಶೇ 20ರ ಸುತ್ತ, ವಿದ್ಯುತ್ ಶೇ 13ರಷ್ಟು, ಉಳಿದದ್ದು ತೈಲ ಸಂಸ್ಕರಣಾಗಾರ, ಪೆಟ್ರೋಕೆಮಿಕಲ್ ಮತ್ತು ಇತರೆ ಎಂಬ ಹಂಚಿಕೆ ಕಾಣುತ್ತದೆ. ಗಾತ್ರದ ಕ್ರಮದಲ್ಲಿ ಓದುವುದಕ್ಕಿಂತ ಬೆಲೆಯ ಬಿಸಿ ತಟ್ಟುವ ಕ್ರಮದಲ್ಲಿ ಓದಿದರೆ ಈ ಪುಟ ಹೆಚ್ಚು ಮಾತನಾಡುತ್ತದೆ.

ಮೊದಲು ಎದ್ದು ಹೋಗುವುದು ವಿದ್ಯುತ್. ಒಂದು ಎಂಎಂಬಿಟಿಯು ಅನಿಲದಲ್ಲಿ ಸುಮಾರು 293 ಯೂನಿಟ್‌ನಷ್ಟು ಶಾಖವಿರುತ್ತದೆ. ಅನಿಲದ ಬಿಸಿಯನ್ನು ಎರಡು ಹಂತದಲ್ಲಿ ಬಳಸಿಕೊಳ್ಳುವ ಒಳ್ಳೆಯ ಸಂಯುಕ್ತ ಆವರ್ತ ಸ್ಥಾವರ ಅದರಲ್ಲಿ ಅರ್ಧದಷ್ಟನ್ನು, ಅಂದರೆ ಹೆಚ್ಚುಕಡಿಮೆ 145 ಯೂನಿಟ್ ವಿದ್ಯುತ್ತನ್ನು ಕೊಡಬಲ್ಲದು. ಸ್ಥಾವರದ ಬಾಗಿಲಿಗೆ ಅನಿಲ 10 ಡಾಲರಿಗೆ ಬಂದರೆ, ಡಾಲರಿಗೆ 85 ರೂಪಾಯಿಯ ಲೆಕ್ಕದಲ್ಲಿ, ಇಂಧನದ ಖರ್ಚೇ ಯೂನಿಟ್ಟಿಗೆ 5 ರೂಪಾಯಿ 80 ಪೈಸೆಯ ಮೇಲಾಗುತ್ತದೆ. ಕಲ್ಲಿದ್ದಲು ಮತ್ತು ಹಗಲಿನ ಸೌರ ವಿದ್ಯುತ್ತಿನ ಎದುರು ಅದು ನಿಲ್ಲಲಾರದು. ದೇಶದಲ್ಲಿ 20,000 ಮೆಗಾವಾಟಿಗೂ ಮೀರಿದ ಅನಿಲ ಸ್ಥಾವರಗಳು ವರ್ಷದ ಬಹುಪಾಲು ತಣ್ಣಗಿರಲು ಈ ಗುಣಾಕಾರವೇ ಕಾರಣ. 2024ರ ಬೇಸಿಗೆಯಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ ಅವುಗಳನ್ನು ನಡೆಸುವಂತೆ ಆದೇಶಿಸಿದ್ದು ಸೆಕೆಯ ಅನಿವಾರ್ಯಕ್ಕೆ. ಅಂಥ ತಿಂಗಳ ಏರಿಕೆಯನ್ನು ದೀರ್ಘಕಾಲದ ಪ್ರವೃತ್ತಿ ಎಂದು ಎಣಿಸಬಾರದು.

ಎರಡನೆಯವರು ಬದಲಿ ಇಂಧನವಿರುವ ಕೈಗಾರಿಕೆಗಳು. ಗುಜರಾತಿನ ಮೋರ್ಬಿಯ ಟೈಲ್ಸ್ ಕಾರ್ಖಾನೆಗಳು ಅನಿಲ ದುಬಾರಿಯಾದರೆ ಪ್ರೋಪೇನಿಗೆ ಹೊರಳುತ್ತವೆ, ಅಗ್ಗವಾದರೆ ಮರಳುತ್ತವೆ. ಸಂಸ್ಕರಣಾಗಾರಗಳು ನಾಫ್ತಾದಂಥ ತಮ್ಮದೇ ಉತ್ಪನ್ನವನ್ನು ಉರಿಸಿಕೊಳ್ಳುತ್ತವೆ.

ಎದ್ದು ಹೋಗದೆ ಕುಳಿತೇ ಇರುವುದು ಅನಿಲವನ್ನೇ ಕಚ್ಚಾವಸ್ತುವಾಗಿ ಬಳಸುವ ಯೂರಿಯಾ ಗೊಬ್ಬರ. ಕಾರ್ಖಾನೆ ಎಷ್ಟೇ ದುಬಾರಿ ಅನಿಲ ಕೊಂಡರೂ ರೈತ ಕೊಡುವ ಚೀಲದ ಬೆಲೆ ಸರ್ಕಾರ ನಿಗದಿ ಮಾಡಿದ್ದು. ನಡುವಿನ ಅಂತರವನ್ನು ಸಬ್ಸಿಡಿ ತುಂಬುತ್ತದೆ. ಆದ್ದರಿಂದ 2022–23ರಲ್ಲಿ ವಿದ್ಯುತ್ ವಲಯ ಸೊರಗಿದಾಗಲೂ ರಸಗೊಬ್ಬರದ ಅನಿಲ ಕಡಿಮೆಯಾಗಲಿಲ್ಲ. ಅನಿಲದ ಬೆಲೆಯೇರಿಕೆ ಅಲ್ಲಿ ಬಳಕೆಯ ಕೋಷ್ಟಕದಲ್ಲಿ ಕಾಣದೆ ಕೇಂದ್ರ ಬಜೆಟ್ಟಿನ ರಸಗೊಬ್ಬರ ಸಬ್ಸಿಡಿಯ ಸಾಲಿನಲ್ಲಿ ಕಾಣುತ್ತದೆ. ಎರಡು ಇಲಾಖೆಗಳ ಕಾಗದಗಳನ್ನು ಒಟ್ಟಿಗೆ ಇಟ್ಟುಕೊಳ್ಳದವರಿಗೆ ಇದು ಎಂದೂ ತಿಳಿಯದು.

ಸಿಎನ್‌ಜಿ ಮತ್ತು ಮನೆಗಳ ಕೊಳವೆ ಅನಿಲಕ್ಕೆ ಹಳೆಯ ಕ್ಷೇತ್ರಗಳ ಅಗ್ಗದ ಅನಿಲದಲ್ಲಿ ಆದ್ಯತೆಯ ಪಾಲಿದೆ. ಈ ಅನಿಲದ ಬೆಲೆಯನ್ನು 2023ರ ಏಪ್ರಿಲಿನಿಂದ ಭಾರತವು ಕೊಳ್ಳುವ ಕಚ್ಚಾತೈಲದ ಸರಾಸರಿ ಬೆಲೆಯ ಶೇ 10 ಎಂದು ಪ್ರತಿ ತಿಂಗಳೂ ನಿಗದಿ ಮಾಡಲಾಗುತ್ತಿದೆ. ಸರ್ಕಾರಿ ಕಂಪನಿಗಳಾದ ಒಎನ್‌ಜಿಸಿ ಮತ್ತು ಆಯಿಲ್ ಇಂಡಿಯಾದ ಹಳೆಯ ಕ್ಷೇತ್ರಗಳಿಗೆ 4 ಡಾಲರಿನ ಕೆಳಮಿತಿಯೂ, ಆರಂಭದಲ್ಲಿ 6.50 ಡಾಲರ್ ಇದ್ದು 2025ರ ಏಪ್ರಿಲಿನಲ್ಲಿ 6.75ಕ್ಕೆ ಏರಿದ ಮೇಲ್ಮಿತಿಯೂ ಇವೆ. ತೈಲ ಪೀಪಾಯಿಗೆ 75 ಡಾಲರ್ ಇದ್ದ ತಿಂಗಳು ಸೂತ್ರದ ಬೆಲೆ ಎಂಎಂಬಿಟಿಯುಗೆ 7.50 ಬಂದರೂ ಅನ್ವಯವಾಗುವುದು ಮೇಲ್ಮಿತಿಯೇ; 62 ಡಾಲರಿಗೆ ಇಳಿದರೆ 6.20. ಆದರೆ ಈ ಅಗ್ಗದ ಅನಿಲ ವರ್ಷ ವರ್ಷ ಕರಗುತ್ತಿದೆ, ವಾಹನಗಳು ಹೆಚ್ಚುತ್ತಿವೆ. 2024ರ ಅಕ್ಟೋಬರ್ ಮತ್ತು ನವೆಂಬರಿನಲ್ಲಿ ನಗರ ವಿತರಕರ ಪಾಲನ್ನು ಕಡಿತಗೊಳಿಸಿದಾಗ ಅವರು ದುಬಾರಿ ಅನಿಲದತ್ತ ಕೈಚಾಚಬೇಕಾಯಿತು. ಸಿಎನ್‌ಜಿ ಬೆಲೆ ಮುಂದೇನಾದೀತು ಎಂದು ಊಹಿಸಬೇಕಾದವರು ಮೇಲ್ಮಿತಿಯ ಸುದ್ದಿಗಿಂತ ಈ ಹಂಚಿಕೆಯ ಆದೇಶಗಳನ್ನು ಗಮನಿಸುವುದು ಮೇಲು.

ಸಾಮರ್ಥ್ಯದ ಪಟ್ಟಿಯನ್ನು ನಂಬುವ ಮುನ್ನ

ಟರ್ಮಿನಲ್‌ಗಳ ಸಾಮರ್ಥ್ಯವನ್ನು ಕೂಡಿಸಿ ‘ಇಷ್ಟು ಅನಿಲ ಬರಲಿದೆ’ ಎಂದು ಬರೆಯುವವರಿಗೆ ಕೊಚ್ಚಿಯ ಉದಾಹರಣೆ ಸಾಕು. ವರ್ಷಕ್ಕೆ 50 ಲಕ್ಷ ಟನ್ ಸಾಮರ್ಥ್ಯದ ಆ ಟರ್ಮಿನಲ್ 2013ರಲ್ಲೇ ಸಿದ್ಧವಾಯಿತು. ಅಲ್ಲಿಂದ ಅನಿಲ ಒಯ್ಯಬೇಕಿದ್ದ ಸುಮಾರು 450 ಕಿಲೋಮೀಟರಿನ ಕೊಚ್ಚಿ–ಮಂಗಳೂರು ಕೊಳವೆಮಾರ್ಗ, ಭೂಮಿಯ ತಕರಾರುಗಳನ್ನು ದಾಟಿ ಲೋಕಾರ್ಪಣೆಯಾದದ್ದು 2021ರ ಜನವರಿ 5ರಂದು. ನಡುವಿನ ವರ್ಷಗಳಲ್ಲಿ ಟರ್ಮಿನಲ್ ಬಹುಪಾಲು ಖಾಲಿಯೇ ಇತ್ತು. ಕೊಳವೆ ಬಂದ ಮೇಲೆ ಮಂಗಳೂರಿನ ಪಣಂಬೂರಿನ ರಸಗೊಬ್ಬರ ಕಾರ್ಖಾನೆ ನಾಫ್ತಾ ಬಿಟ್ಟು ಅನಿಲಕ್ಕೆ ಬದಲಾಯಿತು; ಕರ್ನಾಟಕದ ಕರಾವಳಿಗೆ ಅನಿಲದ ‘ಬೇಡಿಕೆ’ ಹುಟ್ಟಿದ್ದು ಹೀಗೆ. ರಾಜ್ಯದ ಒಳನಾಡಿಗೆ ಅನಿಲ ತರುವ ದಾಭೋಳ್–ಬೆಂಗಳೂರು ಮಾರ್ಗದ ತುದಿಯಲ್ಲಿರುವ ಮಹಾರಾಷ್ಟ್ರ ಕರಾವಳಿಯ ದಾಭೋಳ್ ಟರ್ಮಿನಲ್, ಅಲೆತಡೆಗೋಡೆ ಪೂರ್ಣಗೊಳ್ಳದಿದ್ದ ಕಾರಣ ವರ್ಷಗಟ್ಟಲೆ ಮಳೆಗಾಲದಲ್ಲಿ ಹಡಗುಗಳಿಗೆ ಮುಚ್ಚಿರುತ್ತಿತ್ತು. ಆದ್ದರಿಂದ ಸಾಮರ್ಥ್ಯದ ಅಂಕಣದ ಪಕ್ಕದಲ್ಲೇ ಇರುವ ಶೇಕಡಾವಾರು ಬಳಕೆಯ ಅಂಕಣವನ್ನು ಓದದೆ ಮುಂದೆ ಹೋಗಬಾರದು.

ಕೊನೆಯದಾಗಿ, ಆಮದಿನ ಒಟ್ಟು ಮೊತ್ತವನ್ನು ದೀರ್ಘಾವಧಿ ಒಪ್ಪಂದದ ಸರಕು ಮತ್ತು ತಕ್ಷಣದ ಮಾರುಕಟ್ಟೆಯ ಸರಕು ಎಂದು ಒಡೆದು ನೋಡುವ ಅಭ್ಯಾಸ ಬೇಕು. ಒಪ್ಪಂದದ ಬೆಲೆ ಸಾಮಾನ್ಯವಾಗಿ ಕಚ್ಚಾತೈಲದ ಬೆಲೆಯ ಬೆನ್ನು ಹಿಡಿದು ನಿಧಾನವಾಗಿ ಸಾಗುತ್ತದೆ. ತಕ್ಷಣದ ಬೆಲೆ ಯುರೋಪಿನ ಚಳಿಗೂ ಜಪಾನಿನ ಸೆಕೆಗೂ ಕುಣಿಯುತ್ತದೆ. ಎಲ್‌ಎನ್‌ಜಿ ಆಮದು ಮಾಡುವ ಪೆಟ್ರೋನೆಟ್ ಸಂಸ್ಥೆ ಕತಾರಿನಿಂದ ವರ್ಷಕ್ಕೆ 75 ಲಕ್ಷ ಟನ್ ತರಿಸುವ ಒಪ್ಪಂದ 2028ರಲ್ಲಿ ಮುಗಿಯಲಿದ್ದು, ಅದೇ ಪ್ರಮಾಣಕ್ಕೆ ಮತ್ತೆ 20 ವರ್ಷಗಳ ಒಪ್ಪಂದಕ್ಕೆ 2024ರ ಫೆಬ್ರವರಿಯಲ್ಲಿ ಸಹಿಯಾಗಿದೆ. ಮೇಲಿನ ಗುಣಕದಿಂದ ಅಳೆದರೆ ಅದು ದಿನಕ್ಕೆ 27 ದಶಲಕ್ಷ ಘನ ಮೀಟರ್, ಈಗಿನ ಬಳಕೆಯ ಏಳನೆಯ ಒಂದು ಭಾಗ. ಕತಾರಿನಿಂದ ಹೊರಡುವ ಆ ಅನಿಲವೆಲ್ಲ ಹಾರ್ಮುಜ್ ಜಲಸಂಧಿಯನ್ನು ಹಾದೇ ಬರಬೇಕು. ಹೊಸ ಒಪ್ಪಂದದ ದರ ಹಳೆಯದಕ್ಕಿಂತ ಕಡಿಮೆಯೆಂದು ಸಹಿಯಾದ ದಿನಗಳಲ್ಲಿ ವರದಿಯಾಗಿತ್ತು. ಒಪ್ಪಂದ ಬದಲಾದ ಮೇಲಿನ ವರದಿಯಲ್ಲಿ ಈ ಸರಕಿನ ಪ್ರಮಾಣವನ್ನಷ್ಟೇ ಹುಡುಕುವವರಿಗೆ ಅಲ್ಲಿ ಏನೂ ಬದಲಾದಂತೆ ಕಾಣದು. ಆಮದಿನ ಮೌಲ್ಯವನ್ನು ಪ್ರಮಾಣದಿಂದ ಭಾಗಿಸಿ ನೋಡುವವರಿಗೆ ಮಾತ್ರ ವ್ಯತ್ಯಾಸ ಸಿಗುತ್ತದೆ.